ಚಿಕ್ಕವ್ವ ಊರು ಬಿಟ್ಟಿಲ್ಲ, ದುಡಿಯೋಕೆ ಹೋಗಿದ್ದಾಳೆ



ಉದ್ದದ ಪೋಸ್ಟು. ಬಸ್ಸಲ್ಲೋ ಮೆಮು ರೈಲಲ್ಲೋ ಕೂತಾಗ ಓದಿ. ಬೆಂಗಳೂರಲ್ಲಿ ದುಡೀತಾ ಇರೋ ರಾಮನಗರ, ಚನ್ನಪಟ್ಟಣ, ಕನಕಪುರ, ಮಾಗಡಿ ಕಡೆಯ ನಮ್ಮ ಜನ ಅಂತೂ ತಪ್ಪದೆ ಓದಿ.

ನಮ್ಮಕ್ಕನ ಮಗ ಅಮೆರಿಕದಿಂದ ಬಂದು ಐದು ತಿಂಗಳಾಯ್ತು. ನಮ್ಮ ಕೇರಿಯಿಂದ ವಿಮಾನ ಹತ್ತಿದ ಮೊದಲ ಹುಡುಗ ಅವನು. ಸರ್ಕಾರಿ ಹಾಸ್ಟೆಲಲ್ಲಿದ್ದು ಓದಿ, ಇಂಜಿನಿಯರಿಂಗ್ ಮುಗಿಸಿ, ಕಂಪನಿ ಕಳಿಸಿದ ಮೇಲೆ ಹೋದವನು. ಹದಿಮೂರು ವರ್ಷ ಕಾದು ಗ್ರೀನ್ ಕಾರ್ಡ್ ಕೈಗೆ ಬಂತು. ಅಷ್ಟರಲ್ಲಿ ಅಕ್ಕನ ಎರಡೂ ಕಿಡ್ನಿ ಕೆಟ್ಟು ವಾರಕ್ಕೆ ಮೂರು ಸಲ ಡಯಾಲಿಸಿಸ್ ಶುರುವಾಯ್ತು. ಹೆಂಡತಿ ಮಗೂನ ಅಲ್ಲೇ ಬಿಟ್ಟು ಬಂದು ತಾಯಿ ಸೇವೆ ಮಾಡ್ತಿದ್ದಾನೆ. ರಾತ್ರಿ ಹೊತ್ತು ಲ್ಯಾಪ್‌ಟಾಪ್ ಮುಂದೆ ಕೂತು ಅಲ್ಲಿಯ ಕೆಲಸ, ಹಗಲು ಅಮ್ಮನ ಜೊತೆ ಆಸ್ಪತ್ರೆ.

ಹೋದ ತಿಂಗಳು ಒಂದಿನ ಸಂಜೆ ಜಗಲಿ ಮೇಲೆ ಕೂತಿದ್ದಾಗ ಅಂದ: "ಮಾವ, ಇಲ್ಲಿ ಜಾಸ್ತಿ ದಿನ ಇದ್ಬಿಟ್ರೆ ಅಲ್ಲಿಯವರು ನಾನು ಬಿಟ್ಟು ಹೋದೆ ಅಂತ ಲೆಕ್ಕ ಹಾಕ್ತಾರೆ."

ನಂಗೆ ಇಂಥಾ ವಿಷಯ ಸಿಕ್ಕಿದ್ರೆ ಬಿಡಲ್ಲ ಅಂತ ನಿಮಗೆ ಗೊತ್ತಲ್ಲ. ಕೆದಕಿ ಕೆದಕಿ ಕೇಳಿದೆ. ಅವನು ಬಿಡಿಸಿ ಹೇಳಿದ್ದು ಇಷ್ಟು.

ಗ್ರೀನ್ ಕಾರ್ಡ್ ಅಂದ್ರೆ ಅಮೆರಿಕದ ಪೌರತ್ವ ಅಲ್ಲ. ಅವನ ಪಾಸ್‌ಪೋರ್ಟ್ ಈಗಲೂ ಭಾರತದ್ದೇ. ಅಲ್ಲಿ ಖಾಯಂ ಆಗಿ ವಾಸ ಮಾಡೋ ಹಕ್ಕು ಅಷ್ಟೆ. ಆ ಹಕ್ಕು ಇರೋರು ದೇಶದಿಂದ ಹೊರಗೆ 180 ದಿನ ದಾಟಿಸಿ ವಾಪಸ್ ಹೋದರೆ ಹೊಸದಾಗಿ ಬಂದವರ ಥರ ನಿಲ್ಲಿಸಿ ತಪಾಸಣೆ ಮಾಡಬಹುದು. ಒಂದು ವರ್ಷ ದಾಟಿದರೆ ಬರೀ ಕಾರ್ಡ್ ತೋರಿಸಿ ಒಳಗೆ ಹೋಗೋಕಾಗಲ್ಲ. ಅಷ್ಟು ದಿನ ಹೊರಗಿರಬೇಕಾಗುತ್ತೆ ಅಂತ ಮುಂಚೆನೇ ಗೊತ್ತಿದ್ದರೆ ಐ-131 ಅನ್ನೋ ಅರ್ಜಿ ಹಾಕಿ ರೀ-ಎಂಟ್ರಿ ಪರ್ಮಿಟ್ ತಗೋಬೇಕು. ಸಾಮಾನ್ಯವಾಗಿ ಎರಡು ವರ್ಷಕ್ಕೆ ಕೊಡ್ತಾರೆ. ಆದರೆ ಅರ್ಜಿ ಹಾಕುವಾಗ ಅಮೆರಿಕದ ನೆಲದ ಮೇಲೇ ಇರಬೇಕು, ಇಲ್ಲಿಗೆ ಬಂದ ಮೇಲೆ ನೆನಪಾದರೆ ಆಗಲ್ಲ. ನಮ್ಮ ಹುಡುಗ ಹುಷಾರು, ಅರ್ಜಿ ಹಾಕಿ ಬೆರಳಚ್ಚು ಕೊಟ್ಟೇ ವಿಮಾನ ಹತ್ತಿದ್ದಾನೆ. ಆದರೂ ಅವನಿಗೆ ದಿಗಿಲು. ಪರ್ಮಿಟ್ ಇದ್ದ ಮಾತ್ರಕ್ಕೆ ಎಲ್ಲಾ ಸರಿಹೋಯ್ತು ಅಂತಿಲ್ಲ. ಯಾಕೆ ಹೋಗಿದ್ದೆ, ಯಾವಾಗ ಬರಬೇಕು ಅಂತಿದ್ದೆ, ಇಲ್ಲಿ ನಿನ್ನದು ಏನೇನಿದೆ ಅಂತ ಕೇಳಬಹುದು. ಅದಕ್ಕೇ ಒಂದು ಫೈಲು ಮಾಡಿಟ್ಟುಕೊಂಡಿದ್ದಾನೆ. ಅಲ್ಲಿ ತೆರಿಗೆ ಕಟ್ಟಿದ ಕಾಗದ, ಬಾಡಿಗೆ ಮನೆ ಕರಾರು, ಕಂಪನಿ ಕೊಟ್ಟ ಪತ್ರ, ಬ್ಯಾಂಕ್ ಲೆಕ್ಕ, ಜೊತೆಗೆ ನಮ್ಮಕ್ಕನ ಡಯಾಲಿಸಿಸ್ ಚೀಟಿಗಳು. ತಾಯಿ ಕಾಯಿಲೆಗೂ ಸಾಕ್ಷಿ ಬೇಕಲ್ಲ.

ಕೆನಡಾದ್ದು ಬೇರೆ ಲೆಕ್ಕವಂತೆ, ಐದು ವರ್ಷದಲ್ಲಿ 730 ದಿನ ಅಲ್ಲಿದ್ದರೆ ಆಯ್ತು. ದುಬೈಗೆ ಹೋಗಿರೋ ನಮ್ಮ ರಾಮನಗರ, ಚನ್ನಪಟ್ಟಣದ ಸಾಬರ ಹುಡುಗರಿಗೆ ಈ ಖಾಯಂ ಅನ್ನೋ ಮಾತೇ ಇಲ್ಲ. ಸಾಮಾನ್ಯ ವೀಸಾದಲ್ಲಿರೋರು ಆರು ತಿಂಗಳು ಹೊರಗೆ ಉಳಿದರೆ ಅಲ್ಲಿಯ ವಾಸದ ಪರವಾನಗಿ ಬಿದ್ದು ಹೋಗುತ್ತೆ.

ಇದೆಲ್ಲಾ ಕೇಳ್ತಾ ನನ್ನ ಮನಸ್ಸಲ್ಲಿ ನಾಟಿದ್ದು ಒಂದೇ ವಿಷಯ. ವಿಮಾನ ನಿಲ್ದಾಣದ ಅಧಿಕಾರಿಗೆ ಅನುಮಾನ ಬಂದರೂ ಆ ಕಾರ್ಡಿನ ಹಕ್ಕನ್ನ ಅಲ್ಲೇ ಕಿತ್ತುಕೊಳ್ಳೋ ಅಧಿಕಾರ ಅವನಿಗಿಲ್ಲ. ಐ-407 ಅಂತ ಒಂದು ಫಾರಂ ಮುಂದಿಟ್ಟು, ನಾನಾಗೇ ಬಿಟ್ಟುಕೊಡ್ತಿದ್ದೀನಿ ಅಂತ ಸಹಿ ಮಾಡು ಅನ್ನಬಹುದು. ಮಾಡಲ್ಲ ಅಂದರೆ ವಿಷಯ ವಲಸೆ ನ್ಯಾಯಾಧೀಶರ ಮುಂದೆ ಹೋಗಬೇಕು. ಇವನು ಬಿಟ್ಟು ಹೋಗಿದ್ದ ಅಂತ ಸಾಬೀತು ಮಾಡೋ ಹೊಣೆ ಸರ್ಕಾರದ್ದು. ಅಮೆರಿಕ ದೊಡ್ಡ ನ್ಯಾಯವಂತ ದೇಶ ಅಂತ ನಾನು ಹೇಳ್ತಿಲ್ಲ, ಅಲ್ಲಿ ವಲಸಿಗರಿಗೆ ಏನೇನು ಮಾಡ್ತಿದ್ದಾರೆ ಅಂತ ದಿನಾ ನೋಡ್ತಿದ್ದೀವಿ. ಆದರೆ ಕಾನೂನಿನ ಪುಸ್ತಕದಲ್ಲಾದರೂ, ಹೊರಗಿನಿಂದ ಬಂದ ಒಬ್ಬನಿಗೆ ಆ ದೇಶ ಇಷ್ಟು ಮಾತಿಗೆ ಅವಕಾಶ ಕೊಟ್ಟಿದೆ.

ನಮ್ಮ ಚಿಕ್ಕವ್ವನಿಗೆ ಅವಳು ಹುಟ್ಟಿ ಬೆಳೆದ ಊರಲ್ಲೇ ಅಷ್ಟು ಸಿಗಲಿಲ್ಲ.

ಚಿಕ್ಕವ್ವ ಮೈಸೂರು ರಸ್ತೆ ಕಡೆ ಒಂದು ಗಾರ್ಮೆಂಟ್ಸಲ್ಲಿ ಕೆಲಸ ಮಾಡ್ತಾಳೆ. ಗಂಡ ತೀರಿಕೊಂಡ ಮೇಲೆ ಮಗಳನ್ನ ಕರ್ಕೊಂಡು ಹೋದವಳು, ಹನ್ನೊಂದು ವರ್ಷ ಆಯ್ತು. ಹತ್ತಡಿ ಹತ್ತಡಿ ರೂಮು, ಶೀಟಿನ ಮನೆ. ಎರಡು ವಾರಕ್ಕೊಂದು ಭಾನುವಾರ ಊರಿಗೆ ಬರ್ತಾಳೆ. ಬಂದ ಕೂಡಲೇ ಬೀಗ ತೆಗೆದು, ಅಂಗಳ ಸಾರಿಸಿ, ಗಂಡನ ಫೋಟೋ ಒರೆಸಿ, ದೀಪ ಹಚ್ಚಿ, ಅಕ್ಕಪಕ್ಕದವರ ಹತ್ರ ಮಾತಾಡಿ, ಸಂಜೆ ಬಸ್ಸಿಗೆ ವಾಪಸ್. ಮಾರಿಹಬ್ಬ, ಪಿತೃಪಕ್ಷ, ಏಪ್ರಿಲ್ 14, ಒಂದೂ ತಪ್ಪಿಸಿಲ್ಲ.

2024ರ ಏಪ್ರಿಲ್ 26, ಲೋಕಸಭೆ ಚುನಾವಣೆ. ನಮ್ಮ ನಾಲ್ಕೂ ತಾಲ್ಲೂಕು ಬೆಂಗಳೂರು ಗ್ರಾಮಾಂತರ ಕ್ಷೇತ್ರಕ್ಕೆ ಸೇರಿದ್ದು. ರಜೆ ಅಂತ ಬೆಳಗ್ಗೆ ಮೊದಲ ಬಸ್ಸಿಗೆ ಬಂದು ಶಾಲೆ ಮುಂದೆ ಸಾಲಲ್ಲಿ ನಿಂತಳು. ಪಟ್ಟಿಯಲ್ಲಿ ಹೆಸರಿಲ್ಲ. ಏಜೆಂಟ್ ಹುಡುಗರು ಹುಡುಕಿದರು, ನಾನೂ ಹುಡುಕಿದೆ. ಕೈಬಿಟ್ಟವರ ಪಟ್ಟಿಯಲ್ಲಿ ಸಿಕ್ತು. ಹೆಸರಿನ ಪಕ್ಕ ಇಂಗ್ಲಿಷಿನ ಒಂದೇ ಅಕ್ಷರ, ಎಸ್. ಶಿಫ್ಟೆಡ್ ಅಂತ. ಊರು ಬಿಟ್ಟು ಹೋದವಳು.

"ನಾನೆಲ್ ಹೋಗಿದ್ನಪ್ಪ? ಹೋದ್ವಾರ ತಾನೇ ಬಂದು ಅಂಗ್ಳ ಸಾರ್ಸಿ ಹೋಗಿವ್ನಿ" ಅಂದ್ಳು. ಅಲ್ಲಿದ್ದವರು ಯಾರೂ ಮಾತಾಡಲಿಲ್ಲ. ಅವಳ ಕೈಯಲ್ಲಿ ಜವಳಿ ಅಂಗಡಿಯ ಪ್ಲಾಸ್ಟಿಕ್ ಕವರ್ ಇತ್ತು. ಅದರೊಳಗೆ ವೋಟರ್ ಕಾರ್ಡು, ರೇಷನ್ ಕಾರ್ಡು, ಆಧಾರು. ಅದೇ ಅವಳ ಫೈಲು.

ನಮ್ಮೂರು ಯಾವುದು, ಕಚೇರಿ ಯಾವುದು ಅಂತ ಬರೆಯೋಕೆ ಹೋಗಲ್ಲ. ಬಿಎಲ್‌ಒ ಕೂಡ ಕೆಟ್ಟವಳಲ್ಲ, ಪಾಪ ಅಂಗನವಾಡಿ ಕೆಲಸದ ಮೇಲೆ ಇದನ್ನೂ ಹೊರಿಸಿದ್ದಾರೆ. ವಿಚಾರಿಸಿದಾಗ ಗೊತ್ತಾಗಿದ್ದು ಇಷ್ಟೇ. ಮನೆ ಪರಿಶೀಲನೆಗೆ ಬಂದ ದಿನ ಬೀಗ ಹಾಕಿತ್ತು. ಕೇರಿ ಒಳಗೆ ಯಾರನ್ನೂ ಕೇಳಿಲ್ಲ. ಊರೊಳಗಿನ ಒಬ್ಬರು ದಾರಿಯಲ್ಲಿ ಸಿಕ್ಕಿದವರು "ಅವರೆಲ್ಲಾ ಬೆಂಗಳೂರು ಸೇರ್ಕಂಡ್ರು" ಅಂದಿದ್ದಾರೆ. ಅಷ್ಟೇ ವಿಚಾರಣೆ, ಅಷ್ಟೇ ತೀರ್ಪು. ನೋಟಿಸ್ ಎಲ್ಲಿ ಅಂತ ಕೇಳಿದರೆ ಬಾಗಿಲಿಗೆ ಅಂಟಿಸಿದ್ವಿ ಅಂದರು. ಅವತ್ತು ನಮ್ಮ ಕೇರಿಯಲ್ಲಿ ಹೀಗೆ ಹೋಗಿದ್ದ ಹೆಸರು ಇವಳದೊಂದೇ ಅಲ್ಲ.

ಈಗ ಕಾನೂನು ಏನು ಹೇಳುತ್ತೆ ನೋಡೋಣ. 1950ರ ಜನತಾ ಪ್ರಾತಿನಿಧ್ಯ ಕಾಯ್ದೆಯ 20ನೇ ಕಲಂ. ಮತದಾರ ಆಗಬೇಕಾದರೆ ಆ ಕ್ಷೇತ್ರದ 'ಸಾಮಾನ್ಯ ನಿವಾಸಿ' ಆಗಿರಬೇಕು. ಹಾಗಂದ್ರೆ ಯಾರು? ಆ ಕಲಮಿನ ಮೊದಲ ಮಾತೇ ಚೆನ್ನಾಗಿದೆ: ಒಂದು ಊರಲ್ಲಿ ಮನೆ ಇದೆ ಅನ್ನೋದೊಂದೇ ಕಾರಣಕ್ಕೆ ಯಾರೂ ಅಲ್ಲಿಯ ಸಾಮಾನ್ಯ ನಿವಾಸಿ ಆಗಿಬಿಡಲ್ಲ. ಬ್ರಿಟಿಷರ ಕಾಲದಲ್ಲಿ ಜಮೀನು ಇದ್ದವನಿಗೆ, ತೆರಿಗೆ ಕಟ್ಟೋನಿಗೆ ವೋಟು ಇತ್ತು, ನಮ್ಮ ತಾತಂದಿರಿಗೆ ಇರಲಿಲ್ಲ. ಆ ಗಂಟನ್ನ ಬಿಚ್ಚಿ ಹಾಕಿದ ಕಾಲದ ಕಾನೂನು ಇದು. ಅದರ ಮುಂದಿನ ಮಾತು ನಮ್ಮ ಚಿಕ್ಕವ್ವನಿಗೇ ಬರೆದ ಹಾಗಿದೆ: ತಾತ್ಕಾಲಿಕವಾಗಿ ಊರಲ್ಲಿ ಇಲ್ಲ ಅನ್ನೋ ಕಾರಣಕ್ಕೆ ಒಬ್ಬ ವ್ಯಕ್ತಿ ಆ ಊರಿನ ಸಾಮಾನ್ಯ ನಿವಾಸಿ ಅಲ್ಲ ಅಂತ ಆಗಲ್ಲ.

ಅದೇ ಕಲಮಿನಲ್ಲಿ ಇನ್ನೊಂದು ಉಪಕಲಂ ಇದೆ. ಎಂಪಿ, ಎಂಎಲ್‌ಎ ಆದವರು ತಮ್ಮ ಕೆಲಸದ ಮೇಲೆ ಎಷ್ಟು ಕಾಲ ಹೊರಗಿದ್ದರೂ ಅವರ ಹೆಸರು ತೆಗೆಯೋ ಹಾಗಿಲ್ಲ. ಸರಿ, ಒಪ್ಪೋಣ. ನಮ್ಮ ಜಿಲ್ಲೆಯ ದೊಡ್ಡ ನಾಯಕರೆಲ್ಲಾ ಮಲಗಿ ಏಳೋದು ಬೆಂಗಳೂರಲ್ಲಿ. ಮತದಾನದ ದಿನ ಟಿವಿಯವರು ದೊಡ್ಡಾಲಹಳ್ಳಿಯಲ್ಲೂ ಕೇತಗಾನಹಳ್ಳಿಯಲ್ಲೂ ಶಾಲೆ ಮುಂದೆ ಕ್ಯಾಮೆರಾ ಹಿಡಿದು ಕಾಯ್ತಾರೆ. ಯಾರಾದರೂ ಬಿಎಲ್‌ಒ ಆ ಮನೆಗಳ ಮುಂದೆ ನಿಂತು "ಇವರು ಶಿಫ್ಟೆಡ್ಡಾ?" ಅಂತ ಕೇಳಿದ್ದು ಉಂಟಾ?

ಮನಮೋಹನ್ ಸಿಂಗ್ ಅವರ ಕತೆ ನೆನಪಿಸಿಕೊಳ್ಳಿ. 1991ರಲ್ಲಿ ಅವರು ರಾಜ್ಯಸಭೆಗೆ ಹೋಗಿದ್ದು ಅಸ್ಸಾಮಿನಿಂದ. ಆಗ ಆಯಾ ರಾಜ್ಯದ ಮತದಾರನೇ ಆಗಿರಬೇಕು ಅನ್ನೋ ನಿಯಮ ಇತ್ತು. ಗುವಾಹಟಿಯ ಒಂದು ಬಾಡಿಗೆ ಮನೆ ಅವರ ವಿಳಾಸ ಆಯ್ತು. ದೆಹಲಿಯಲ್ಲಿದ್ದೂ ಅವರು ಗುವಾಹಟಿಯ ಸಾಮಾನ್ಯ ನಿವಾಸಿ. 2003ರಲ್ಲಿ ಆ ನಿಯಮವನ್ನೇ ತೆಗೆದು ಹಾಕಿದರು, 2006ರಲ್ಲಿ ಕುಲದೀಪ್ ನಯ್ಯರ್ ಪ್ರಕರಣದಲ್ಲಿ ಸುಪ್ರೀಂ ಕೋರ್ಟೂ ಸರಿ ಅಂತು. ಆ ಹಿರಿಯರನ್ನ ಹಂಗಿಸೋಕೆ ಹೇಳ್ತಿಲ್ಲ, ಅವರ ಮೇಲೆ ನನಗೆ ಗೌರವ ಇದೆ. ದೊಡ್ಡವರಿಗೆ ಬಂದಾಗ 'ನಿವಾಸಿ' ಅನ್ನೋ ಪದ ಎಷ್ಟು ಹಿಗ್ಗುತ್ತೆ ಅಂತ ತೋರಿಸೋಕೆ ಹೇಳಿದೆ.

ಇನ್ನು ನಮ್ಮಕ್ಕನ ಮಗ. ಅವನ ಥರದವರಿಗೆ ಅಂತಲೇ 2010ರಲ್ಲಿ ಇದೇ ಕಾಯ್ದೆಗೆ 20ಎ ಅಂತ ಸೇರಿಸಿದರು. ಬೇರೆ ದೇಶದ ಪೌರತ್ವ ತಗೊಳ್ಳದ ಭಾರತೀಯರು, ಕೆಲಸಕ್ಕೋ ಓದಿಗೋ ಹೊರದೇಶದಲ್ಲಿದ್ದರೆ, ಫಾರಂ 6ಎ ತುಂಬಿ ಪಾಸ್‌ಪೋರ್ಟಲ್ಲಿರೋ ವಿಳಾಸದ ಊರಲ್ಲೇ ಮತದಾರ ಆಗಬಹುದು. ತಮಾಷೆ ಏನು ಗೊತ್ತಾ? ಅವರು ಹೊರಗಿರೋದು ತಾತ್ಕಾಲಿಕವೋ ಅಲ್ಲವೋ ಅನ್ನೋದನ್ನೂ ಆ ಕಲಂ ಲೆಕ್ಕಕ್ಕೆ ತಗೊಳ್ಳಲ್ಲ. ವೋಟು ಹಾಕೋಕೆ ಮಾತ್ರ ಪಾಸ್‌ಪೋರ್ಟ್ ಹಿಡಿದು ಮತಗಟ್ಟೆಗೇ ಬರಬೇಕು. ನಾನು ಅವನಿಗೆ ಮೊನ್ನೆ ತಾನೇ ಫಾರಂ ತುಂಬಿಸಿದೆ.

ಅಂದ್ರೆ ಲೆಕ್ಕ ಹೀಗೆ. ಸಮುದ್ರದಾಚೆ ಇರೋ ಮಗ ಊರಿನ ಮತದಾರ. ಐವತ್ತು ಕಿಲೋಮೀಟರ್ ಆಚೆ ಬಟ್ಟೆ ಹೊಲಿಯೋ ಚಿಕ್ಕವ್ವ ಊರು ಬಿಟ್ಟವಳು. ಅವನಿಗೆ ಸಿಕ್ಕಿದ್ದಕ್ಕೆ ನನಗೆ ಹೊಟ್ಟೆಕಿಚ್ಚಿಲ್ಲ, ನನ್ನ ಅಕ್ಕನ ಮಗ ಅವನು. ಅವಳಿಗೆ ಯಾಕಿಲ್ಲ ಅನ್ನೋದು ಪ್ರಶ್ನೆ.

ಊರೊಳಗೂ ಇದೇ. ನಮ್ಮೂರಿನ ದೊಡ್ಡ ಮನೆತನದ ಮೂವರು ಗಂಡುಮಕ್ಕಳು ಬೆಂಗಳೂರಿನ ವಿಜಯನಗರದಲ್ಲಿ ಸ್ವಂತ ಮನೆ ಕಟ್ಟಿಸಿ ಇಪ್ಪತ್ತು ವರ್ಷದ ಮೇಲಾಯ್ತು. ಅವರ ಹೆಂಡತಿಯರು, ಮಕ್ಕಳು, ಎಲ್ಲರ ಹೆಸರೂ ಊರ ಪಟ್ಟಿಯಲ್ಲಿ ಭದ್ರವಾಗಿದೆ. "ಗೌಡ್ರ ಮಕ್ಳು ಹಬ್ಬಕ್ ಬತ್ತಾರೆ, ತೋಟ ಇದೆಯಲ್ಲ" ಅಂತಾರೆ. ಚಿಕ್ಕವ್ವನೂ ಹಬ್ಬಕ್ಕೆ ಬರ್ತಾಳಲ್ಲ? ತೋಟ ಇಲ್ಲ. ಪಹಣಿಯಲ್ಲಿ ಹೆಸರಿದ್ದವನು ಎಲ್ಲೇ ಇದ್ದರೂ ಊರವನು, ಇಲ್ಲದವಳು ಬೀಗ ಹಾಕಿದ ದಿನವೇ ಹೊರಗಿನವಳು. ಕಾನೂನು ಆಸ್ತಿಯನ್ನ ಲೆಕ್ಕದಿಂದ ತೆಗೆದು 75 ವರ್ಷ ಆಯ್ತು, ಊರು ಇನ್ನೂ ತೆಗೆದಿಲ್ಲ. ಅವರ ಹೆಸರೂ ತೆಗೀರಿ ಅಂತ ನಾನು ಅರ್ಜಿ ಹಾಕಲ್ಲ. ಆ ಕೆಲಸ ನಮ್ಮದಲ್ಲ.

ಕೆಲವು ಗೆಳೆಯರು, ನಮ್ಮವರೇ, ಒಂದು ಪ್ರಶ್ನೆ ಕೇಳ್ತಾರೆ. "ಹನ್ನೊಂದು ವರ್ಷ ತಾತ್ಕಾಲಿಕ ಹೇಗಾಗುತ್ತೆ ಸಾರ್? ಬೆಂಗಳೂರಲ್ಲೇ ಹೆಸರು ಸೇರಿಸಿದ್ರೆ ಆಯ್ತಲ್ಲ?" ನ್ಯಾಯವಾದ ಪ್ರಶ್ನೆ. ಎರಡು ಕಡೆ ಹೆಸರು ಇಟ್ಟುಕೊಳ್ಳೋದು ತಪ್ಪು, ಕಾಯ್ದೆಯ 17, 18ನೇ ಕಲಂ ಅದನ್ನ ನಿಷೇಧಿಸುತ್ತೆ. ಸುಳ್ಳು ಘೋಷಣೆ ಕೊಟ್ಟರೆ 31ನೇ ಕಲಮಿನಲ್ಲಿ ಒಂದು ವರ್ಷದ ತನಕ ಶಿಕ್ಷೆ ಇದೆ. ಆದರೆ ಚಿಕ್ಕವ್ವ ಬೆಂಗಳೂರಲ್ಲಿ ಹೆಸರು ಸೇರಿಸೋಕೆ ಹೋಗಲಿಲ್ಲ ಅಂದುಕೊಂಡ್ರಾ? ಹನ್ನೊಂದು ವರ್ಷದಲ್ಲಿ ಆರು ರೂಮು ಬದಲಾಯಿಸಿದ್ದಾಳೆ. ಎರಡು ಕಡೆ ಓನರ್‌ಗೆ ಜಾತಿ ಗೊತ್ತಾಗಿ ಬಿಡಿಸಿದರು, ಬಾಯಿಬಿಟ್ಟು ಹೇಳಲಿಲ್ಲ, "ನೆಂಟರು ಬರ್ತಾರೆ, ಖಾಲಿ ಮಾಡಿ" ಅಂದರು. ಬಾಡಿಗೆ ಕರಾರು ಯಾವ ಓನರೂ ಬರೆದು ಕೊಟ್ಟಿಲ್ಲ. ಕರೆಂಟ್ ಬಿಲ್ ಅವರ ಹೆಸರಲ್ಲಿ. ವಿಳಾಸದ ಪುರಾವೆ ಕೇಳಿದರೆ "ಇಲ್ಲಿ ವೋಟು ಗೀಟು ಬೇಡಮ್ಮ, ನಿಮ್ಮೂರಲ್ಲೇ ಹಾಕ್ಕೊ" ಅಂತಾರೆ. ಊರಲ್ಲಿ ಕೇಳಿದರೆ ನೀನು ಬೆಂಗಳೂರವಳು, ಬೆಂಗಳೂರಲ್ಲಿ ಕೇಳಿದರೆ ನೀನು ಊರವಳು. ಖಾಯಂ ವಾಸ ಅನ್ನೋದು ನಮ್ಮ ಜನಕ್ಕೆ ಎಲ್ಲೂ ಖಾಯಂ ಆಗ್ತಿಲ್ಲ.

ಇದು ಬಾಬಾಸಾಹೇಬರಿಗೂ ಆಗಿದ್ದೇ. ನ್ಯೂಯಾರ್ಕಿನ ಕೊಲಂಬಿಯಾದಲ್ಲಿ ಓದಿ, ಲಂಡನ್ನಿಗೆ ಹೋಗಿ, ಬರೋಡಾ ಮಹಾರಾಜರ ವಿದ್ಯಾರ್ಥಿವೇತನ ಮುಗಿದದ್ದಕ್ಕೆ ಓದು ಅರ್ಧಕ್ಕೆ ನಿಲ್ಲಿಸಿ 1917ರಲ್ಲಿ ವಾಪಸ್ ಬಂದರು. ಲಂಡನ್ ವಿಶ್ವವಿದ್ಯಾಲಯ ಅವರಿಗೆ ನಾಲ್ಕು ವರ್ಷದೊಳಗೆ ಬಂದು ಓದು ಮುಂದುವರಿಸಬಹುದು ಅಂತ ಅನುಮತಿ ಕೊಟ್ಟಿತ್ತು. ಅವರ ಜಾಗ ಅಲ್ಲಿ ಕಾಯ್ತಾ ಇತ್ತು, 1920ರಲ್ಲಿ ಹೋಗಿ ಮುಂದುವರಿಸಿದರು. ಆದರೆ ಕೆಲಸಕ್ಕೆ ಅಂತ ಬರೋಡಾಕ್ಕೆ ಹೋದಾಗ ಒಂದು ರೂಮು ಸಿಗಲಿಲ್ಲ. ಪಾರ್ಸಿ ಛತ್ರವೊಂದರಲ್ಲಿ ಪಾರ್ಸಿ ಹೆಸರು ಹೇಳಿಕೊಂಡು ಉಳಿಯಬೇಕಾಯ್ತು. ಹನ್ನೊಂದನೇ ದಿನ ಕೋಲು ಹಿಡಿದ ಗುಂಪು ಬಂದು ಹೊರಗೆ ಹಾಕಿತು. 'ವೀಸಾಗಾಗಿ ಕಾಯುತ್ತಾ' ಬರಹದಲ್ಲಿ ಅದನ್ನೆಲ್ಲಾ ಬರೆದಿದ್ದಾರೆ, ಓದದೇ ಇರೋರು ಓದಿ. ಆ ಹೆಸರು ಯಾಕಿಟ್ಟರು ಅಂತ ನನಗೆ ಮೊದಲು ಅರ್ಥ ಆಗಿರಲಿಲ್ಲ. ಚಿಕ್ಕವ್ವನ ಕವರ್ ನೋಡಿದ ಮೇಲೆ ಅರ್ಥ ಆಯ್ತು.

"ಬಾಬಾಸಾಹೇಬರು ಹಳ್ಳಿ ಬಿಡಿ ಅಂದಿದ್ದರಲ್ಲಾ, ನೀವ್ಯಾಕೆ ಹಳ್ಳಿಯ ಪಟ್ಟಿಗೆ ಜೋತು ಬೀಳ್ತೀರಿ?" ಅಂತ ನನ್ನನ್ನ ಕೆಣಕೋರೂ ಇದ್ದಾರೆ. ನಾನೂ ಇದನ್ನ ತುಂಬಾ ಯೋಚನೆ ಮಾಡಿದ್ದೀನಿ. ಹಳ್ಳಿಯಲ್ಲಿ ನಮಗೇನು ಸುಖ ಕಾದಿಲ್ಲ, ನಿಜ. ಆದರೆ ನಾವಾಗೇ ಬಿಡೋದು ಬೇರೆ, ನಮ್ಮನ್ನ ಕೇಳದೆ ಅಳಿಸೋದು ಬೇರೆ. ಚಿಕ್ಕವ್ವನಿಗೆ ಬೆಂಗಳೂರಲ್ಲಿ ಒಂದು ಸ್ವಂತ ಸೂರು ಆಗಿ, ನನ್ನ ವೋಟು ಇಲ್ಲೇ ಇರಲಿ ಅಂತ ಅವಳೇ ಹೇಳಿದ ದಿನ ನಾನೇ ಫಾರಂ 8 ತುಂಬಿ ಕೊಡ್ತೀನಿ.

ಅಷ್ಟಕ್ಕೂ ನಮ್ಮ ಜಿಲ್ಲೆಯಲ್ಲಿ ಊರು ಬಿಡದೆ ಕೂತವರ ವಿಳಾಸವೇ ನಿಂತಿಲ್ಲ. ನಮ್ಮಪ್ಪ ಬೆಂಗಳೂರು ಜಿಲ್ಲೆಯಲ್ಲಿ ಹುಟ್ಟಿದ. 1986ರಲ್ಲಿ ಬೆಂಗಳೂರು ಗ್ರಾಮಾಂತರದವನಾದ. 2007ರಲ್ಲಿ ರಾಮನಗರ ಜಿಲ್ಲೆಯವನಾದ. 2025ರ ಮೇನಲ್ಲಿ ಸಂಪುಟ ತೀರ್ಮಾನ ಮಾಡಿ ಬೆಂಗಳೂರು ದಕ್ಷಿಣದವನನ್ನಾಗಿ ಮಾಡಿತು. ಜಗಲಿ ಬಿಟ್ಟು ಎದ್ದಿಲ್ಲ ಪುಣ್ಯಾತ್ಮ, ನಾಲ್ಕು ಜಿಲ್ಲೆ ನೋಡಿದ. ಇಡೀ ಜಿಲ್ಲೆಯನ್ನೇ ಬೆಂಗಳೂರು ಅಂತ ಕರೆದ ಸರ್ಕಾರದಲ್ಲಿ, ಚಿಕ್ಕವ್ವ ಬೆಂಗಳೂರಿಗೆ ಹೋದಳು ಅಂತ ಹೆಸರು ಹೊಡೆದಿರುತ್ತಾರೆ. ನಗಬೇಕೋ ಅಳಬೇಕೋ.

ಈಗ ಯಾಕೆ ಇದನ್ನೆಲ್ಲಾ ಬರೀತಿದ್ದೀನಿ ಅಂದ್ರೆ, ಬಿಹಾರ ನೋಡಿ. 2025ರ ಜೂನ್‌ನಲ್ಲಿ ಅಲ್ಲಿ ಮತದಾರರ ಪಟ್ಟಿಯ ವಿಶೇಷ ತೀವ್ರ ಪರಿಷ್ಕರಣೆ, ಎಸ್‌ಐಆರ್, ಶುರುವಾಯ್ತು. 7.89 ಕೋಟಿ ಇದ್ದದ್ದು ಆಗಸ್ಟ್ 1ರ ಕರಡು ಪಟ್ಟಿಯಲ್ಲಿ 7.24 ಕೋಟಿ ಆಯ್ತು. ಹೊರಗೆ ಬಿದ್ದವರು 65 ಲಕ್ಷ. ಅದರಲ್ಲಿ ಸುಮಾರು 36 ಲಕ್ಷ ಜನರ ಮುಂದೆ ಬರೆದ ಕಾರಣ: ಖಾಯಂ ಆಗಿ ಬೇರೆ ಕಡೆ ಹೋಗಿದ್ದಾರೆ, ಇಲ್ಲಾ ಸಿಕ್ಕಿಲ್ಲ. ಸತ್ತವರು ಅಂತ ತೆಗೆದದ್ದು 22 ಲಕ್ಷ. ಸತ್ತವರಿಗಿಂತ 'ಹೋದವರು' ಜಾಸ್ತಿ. ಬಿಹಾರದ ಬಡವರು ಹೋಗೋದಾದರೂ ಎಲ್ಲಿಗೆ, ನಮ್ಮ ಬಿಡದಿ, ಹಾರೋಹಳ್ಳಿ, ಪೀಣ್ಯದ ಫ್ಯಾಕ್ಟರಿಗಳಿಗೇ. ನಮ್ಮ ಪಕ್ಕದ ಶೆಡ್ಡಲ್ಲಿ ಮಲಗೋ ಹುಡುಗರು ಅವರು. ಹೆಸರು ಮತ್ತು ಕಾರಣ ಎರಡನ್ನೂ ಪ್ರಕಟಿಸಿ ಅಂತ ಆಗಸ್ಟ್ 14ರಂದು ಸುಪ್ರೀಂ ಕೋರ್ಟ್ ಹೇಳಬೇಕಾಯ್ತು. ಅಲ್ಲೀವರೆಗೆ ಯಾರು ಹೋದರು, ಯಾಕೆ ಹೋದರು ಅನ್ನೋ ಪಟ್ಟಿಯೇ ಜನರ ಮುಂದೆ ಇರಲಿಲ್ಲ. ಅಕ್ಟೋಬರ್ 27ರಂದು ಇನ್ನೂ 12 ರಾಜ್ಯ, ಕೇಂದ್ರಾಡಳಿತ ಪ್ರದೇಶಗಳಿಗೆ ಇದನ್ನ ಪ್ರಕಟಿಸಿದರು. ಆ ಪಟ್ಟಿಯಲ್ಲಿ ಪಕ್ಕದ ಕೇರಳ, ತಮಿಳುನಾಡು ಇವೆ. ನಾವಿಲ್ಲ. ನಮ್ಮ ಮನೆ ಬಾಗಿಲಿಗೂ ಬಂದೇ ಬರುತ್ತೆ ಅಂತಿಟ್ಟುಕೊಂಡು ತಯಾರಾಗೋದು ಒಳ್ಳೇದು.

ದೂರ ಯಾಕೆ, ಕಲಬುರಗಿಯ ಆಳಂದದಲ್ಲಿ 2023ರ ವಿಧಾನಸಭೆ ಚುನಾವಣೆಗೆ ಮುಂಚೆ ಹೆಸರು ತೆಗೀರಿ ಅಂತ ಆನ್‌ಲೈನಲ್ಲಿ ಬಂದ ಫಾರಂ 7 ಅರ್ಜಿಗಳು 6,018. ಪರಿಶೀಲಿಸಿದಾಗ ನಿಜ ಅಂತ ಸಿಕ್ಕಿದ್ದು 24. ಅರ್ಜಿ ಹಾಕಿದೋರು ಅಂತ ತೋರಿಸಿದ್ದ ಜನಕ್ಕೇ ಅದು ಗೊತ್ತಿರಲಿಲ್ಲ. ಅಲ್ಲಿ ಒಬ್ಬ ಬಿಎಲ್‌ಒ ತನ್ನ ಮನೆಯವರದೇ ಹೆಸರು ನೋಡಿ ಅನುಮಾನ ಪಟ್ಟಿದ್ದಕ್ಕೆ ಅದು ಬಯಲಿಗೆ ಬಂತು.

ನಮಗೆ ಇದರಲ್ಲಿ ಬರೀ ದೆಹಲಿ, ವಿಧಾನಸೌಧದ ಲೆಕ್ಕ ಇಲ್ಲ. 2020ರ ಡಿಸೆಂಬರ್‌ನಲ್ಲಿ ಚುನಾವಣೆ ಆದ ಗ್ರಾಮ ಪಂಚಾಯಿತಿಗಳ ಅವಧಿ ಐದು ವರ್ಷದ್ದು. ಪಂಚಾಯಿತಿ ಪಟ್ಟಿ ಆಗೋದು ವಿಧಾನಸಭೆ ಪಟ್ಟಿಯಿಂದಲೇ. ಒಂದು ವಾರ್ಡಲ್ಲಿ ಗೆಲುವು ಸೋಲು ಹತ್ತು ಹದಿನೈದು ವೋಟಲ್ಲಿ ಆಗುತ್ತೆ. ಕೇರಿಯ ಇಪ್ಪತ್ತು ಹೆಸರಿಗೆ ಎಸ್ ಅಂತ ಬಿದ್ದರೆ ಮುಗೀತು. ಚರಂಡಿ ಯಾವ ಬೀದಿಗೆ, ನಿವೇಶನ ಯಾರಿಗೆ, ಸ್ಮಶಾನದ ದಾರಿ ಯಾವಾಗ, ಇದನ್ನೆಲ್ಲಾ ನಮ್ಮ ವೋಟು ಬೇಡದ ಮೆಂಬರು ತೀರ್ಮಾನ ಮಾಡ್ತಾನೆ. ಮೀಸಲು ಸ್ಥಾನದಲ್ಲಿ ನಮ್ಮವನೇ ಕೂತಿದ್ದರೂ ಅವನನ್ನ ಗೆಲ್ಲಿಸಿದವರು ಯಾರು ಅಂತ ಅವನಿಗೆ ಗೊತ್ತಿರುತ್ತೆ.

ಅದಕ್ಕೇ ಈಗಲೇ ಮಾಡಬೇಕಾದ್ದು ಹೇಳಿಬಿಡ್ತೀನಿ.

ಮೊದಲು ಪಟ್ಟಿಯಲ್ಲಿ ಹೆಸರಿದೆಯಾ ನೋಡಿ. ಚುನಾವಣಾ ಆಯೋಗದ ಆ್ಯಪಲ್ಲಿ ಕಾರ್ಡ್ ನಂಬರ್ ಹಾಕಿದರೆ ಬರುತ್ತೆ, 1950ಕ್ಕೆ ಫೋನ್ ಮಾಡಿದರೂ ಆಗುತ್ತೆ. ಕಾರ್ಡ್ ಕೈಲಿದೆ ಅಂದ್ರೆ ಹೆಸರಿದೆ ಅಂತ ಅಲ್ಲ, ಚಿಕ್ಕವ್ವನ ಕೈಲೂ ಕಾರ್ಡಿತ್ತು. ಊರಿಗೆ ಬಂದಾಗ ಬಿಎಲ್‌ಒ ಮನೆಗೆ ಹೋಗಿ ಮುಖ ತೋರಿಸಿ, ಫೋನ್ ನಂಬರ್ ಕೊಟ್ಟು ಬನ್ನಿ. "ಅಕ್ಕಾ, ನಾವು ದುಡಿಯೋಕೆ ಹೋಗಿದ್ದೀವಿ, ಬಿಟ್ಟು ಹೋಗಿಲ್ಲ" ಅಂತ ಬಾಯಿಬಿಟ್ಟು ಹೇಳಿ. ಪಕ್ಕದ ಮನೆಯವರಿಗೂ ಹೇಳಿಡಿ, ಯಾರಾದರೂ ಬಂದು ಕೇಳಿದರೆ ಬೆಂಗಳೂರು ಸೇರ್ಕಂಡ್ರು ಅನ್ನಬೇಡಿ, ಫೋನ್ ಮಾಡಿ ಅಂತ.

ನಮ್ಮಕ್ಕನ ಮಗನ ಥರ ಒಂದು ಫೈಲು ಮಾಡಿ. ಊರ ಮನೆಯ ಕರೆಂಟ್ ಬಿಲ್, ಪಂಚಾಯಿತಿ ಕಂದಾಯದ ರಸೀದಿ, ಹಕ್ಕುಪತ್ರ ಇದ್ದರೆ ಹಕ್ಕುಪತ್ರ, ರೇಷನ್ ಕಾರ್ಡ್, ಜಾಬ್ ಕಾರ್ಡ್. ಜಾಬ್ ಕಾರ್ಡ್ ವಿಷಯದಲ್ಲಿ ಒಂದು ಮಾತು. ನರೇಗಾ ಮಾರ್ಗಸೂಚಿಯಲ್ಲೇ, ಗುಳೆ ಹೋಗಿ ವಾಪಸ್ ಬರಬಹುದಾದವರನ್ನೂ ಸ್ಥಳೀಯರು ಅಂತಲೇ ಎಣಿಸಬೇಕು ಅಂತ ಇತ್ತು. ದೆಹಲಿಯ ಯಾರೋ ಅಧಿಕಾರಿಗೆ ಅರ್ಥ ಆಗಿರೋದು ನಮ್ಮೂರಿನವರಿಗೆ ಅರ್ಥ ಆಗಲ್ಲ.

ಹೆಸರು ತೆಗೀತೀವಿ ಅಂತ ನೋಟಿಸ್ ಬಂದರೆ ಹೆದರಬೇಡಿ, ಸುಮ್ಮನೂ ಇರಬೇಡಿ. ನಿಮ್ಮ ಮಾತು ಕೇಳದೆ ಊರು ಬಿಟ್ಟವರು ಅಂತ ತೆಗೆಯೋ ಹಾಗಿಲ್ಲ, 22ನೇ ಕಲಂ ಹಾಗೇ ಹೇಳುತ್ತೆ. ಒಮ್ಮೆ ಪಟ್ಟಿಯಲ್ಲಿದ್ದ ಹೆಸರಿಗೆ ಒಂದು ತೂಕ ಇದೆ, ಅದನ್ನ ಹಗುರವಾಗಿ ತೆಗೆಯಬಾರದು ಅಂತ 1995ರಲ್ಲೇ ಲಾಲ್ ಬಾಬು ಹುಸೇನ್ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ ಹೇಳಿದೆ. ಉತ್ತರ ಬರವಣಿಗೆಯಲ್ಲೇ ಕೊಡಿ, ಸ್ವೀಕೃತಿ ಸಹಿ ತಗೊಳ್ಳಿ. ಆದರೂ ತೆಗೆದರೆ 15 ದಿನದೊಳಗೆ ಜಿಲ್ಲಾಧಿಕಾರಿಗೆ ಮೇಲ್ಮನವಿ, ಅಲ್ಲೂ ಆಗದಿದ್ದರೆ 30 ದಿನದೊಳಗೆ ರಾಜ್ಯದ ಮುಖ್ಯ ಚುನಾವಣಾಧಿಕಾರಿಗೆ. ಖಾಲಿ ಫಾರಂಗೆ ಮಾತ್ರ ಯಾರು ಹೇಳಿದರೂ ಹೆಬ್ಬೆಟ್ಟು ಒತ್ತಬೇಡಿ. ಅಲ್ಲಿಯ ಐ-407ರ ಕತೆ ಹೇಳಿದ್ನಲ್ಲ, ಇಲ್ಲೂ ಅದೇ.

ಚಿಕ್ಕವ್ವನ ಹೆಸರು ವಾಪಸ್ ಸೇರಿಸೋಕೆ ಫಾರಂ 6 ಹಾಕಿ ನಾಲ್ಕು ಸಲ ಓಡಾಡಿದೆವು. ನಾಲ್ಕು ದಿನದ ಸಂಬಳ ಕಟ್. ಈಗ ಬಂದಿದೆ. ಹುಟ್ಟಿದ ಊರಲ್ಲಿ, ಐವತ್ತೆರಡನೇ ವಯಸ್ಸಲ್ಲಿ, 'ಹೊಸ ಮತದಾರಳು' ಅಂತ.

ಬರೋ ಭಾನುವಾರ ಬೆಳಗ್ಗೆ ಹತ್ತರಿಂದ ನಮ್ಮ ಕೇರಿಯ ಅಂಬೇಡ್ಕರ್ ಭವನದಲ್ಲಿ ಎಲ್ಲರ ಹೆಸರು ಹುಡುಕಿ ಕೊಡ್ತೀವಿ. ಲ್ಯಾಪ್‌ಟಾಪ್ ಮುಂದೆ ನಮ್ಮಕ್ಕನ ಮಗನೇ ಕೂರ್ತಾನೆ, ಅವನು ವಾಪಸ್ ಹೋಗೋಕೆ ಇನ್ನೂ ಟೈಮಿದೆ. ಚಿಕ್ಕವ್ವನೂ ಅವತ್ತು ಊರಲ್ಲೇ ಇರ್ತಾಳೆ. ಸುತ್ತಮುತ್ತಲ ಊರಿನವರೂ ಬನ್ನಿ, ಬರುವಾಗ ನಿಮ್ಮ ಕವರ್ ತನ್ನಿ. ಬೇರೆ ತಾಲ್ಲೂಕಿನ ಗೆಳೆಯರು ನಿಮ್ಮ ಕೇರಿಯಲ್ಲೂ ಹೀಗೇ ಒಂದು ದಿನ ಇಟ್ಟುಕೊಳ್ಳೋದಾದ್ರೆ ಹೇಳಿ, ನಾವು ಇಬ್ಬರು ಮೂವರು ಬರ್ತೀವಿ.

ಜೈಭೀಮ್.